‘ಆ ಪಿಡಿಎಫ್ ಗ್ರೂಪ್‌ಗೆ ಹಾಕಬಹುದಾ ಮೇಡಂ?’

ಹಿಂದಿನ ಸಂಚಿಕೆಯಲ್ಲಿ ಕಾಪಿರೈಟ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅಷ್ಟಕ್ಕೇ ಮೇಲ್‌ಗಳು ಬಂದು ಬಿದ್ದವು. ಹೆಚ್ಚಿನವು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ ಇರುವವರದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಾನು ವಕೀಲೆ ಅಲ್ಲ, ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಕೂತು ಕೂದಲು ಹಣ್ಣಾದವಳು. ಅಲ್ಲಿ ಕಂಡ ಒಂದು ತಮಾಷೆ ಹೇಳ್ತೀನಿ. ನಮ್ಮವರು ಹೆದರಬೇಕಿಲ್ಲದ ಕಡೆ ಹೆದರುತ್ತಾರೆ, ಹೆದರಬೇಕಾದ ಕಡೆ ಸಿಕ್ಕಾಪಟ್ಟೆ ಧೈರ್ಯ ತೋರಿಸುತ್ತಾರೆ. ತರಗತಿಗೆ ಅಂತ ಹತ್ತು ಪುಟ ಜೆರಾಕ್ಸ್ ಮಾಡಿಸಲು ಹಿಂದೆ ಮುಂದೆ ನೋಡುವ ಮೇಷ್ಟ್ರೇ, ರಾತ್ರಿ ಊಟ ಆದಮೇಲೆ ಇಡೀ ಪುಸ್ತಕದ ಪಿಡಿಎಫ್ ಅನ್ನು 250 ಜನರ ವಾಟ್ಸ್ಯಾಪ್ ಗ್ರೂಪ್‌ಗೆ ಒಂದೇ ಬೆರಳಲ್ಲಿ ತಳ್ಳಿಬಿಡುತ್ತಾರೆ.

ನಮ್ಮ ಲ್ಯಾಬ್‌ನಲ್ಲಿ ಎಂಟು ಜನ. ಎಲ್ಲರೂ ಇಳಿಸಿಕೊಂಡ ಸಂಶೋಧನಾ ಪೇಪರ್‌ಗಳನ್ನು ಒಂದೇ ಗೂಗಲ್ ಡ್ರೈವ್ ಫೋಲ್ಡರ್‌ಗೆ ಹಾಕಿದ್ದೇವೆ, ನಾನೂರು ದಾಟಿದೆ. ಈಗ ಬೇರೆ ಕಾಲೇಜಿನ ಗೆಳೆಯರು ಲಿಂಕ್ ಕೊಡಿ ಅಂತಿದ್ದಾರೆ. ಕೊಟ್ಟರೆ ತಪ್ಪಾ? ಎಲ್ಲ ಓದೋಕೆ ತಾನೇ?
– ಪಿಎಚ್‌ಡಿ ವಿದ್ಯಾರ್ಥಿ, ಬೆಂಗಳೂರು

ಓದೋಕೇ, ಅನುಮಾನ ಇಲ್ಲ. ಆದರೆ ಕಾನೂನು ನೋಡುವುದು ನೀವು ಓದ್ತೀರಾ ಇಲ್ವಾ ಅಂತ ಮಾತ್ರ ಅಲ್ಲ.

ಮೊದಲು ನಿಮ್ಮ ಪರವಾದ ಮಾತು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಯಾವ್ಯಾವುದು ಉಲ್ಲಂಘನೆ ಅಲ್ಲ ಅಂತ ಪಟ್ಟಿ ಮಾಡುತ್ತದೆ. ಅದರ ಮೊದಲ ಸಾಲಲ್ಲೇ, ಖಾಸಗಿ ಅಥವಾ ವೈಯಕ್ತಿಕ ಬಳಕೆಗೆ ನ್ಯಾಯವಾಗಿ ಬಳಸಿಕೊಂಡರೆ ತಪ್ಪಿಲ್ಲ ಅಂತಿದೆ, ಸಂಶೋಧನೆಯ ಹೆಸರೂ ಅಲ್ಲೇ ಇದೆ. ಹಾಗೆ ಬಳಸಲು ಕಂಪ್ಯೂಟರ್‌ನಲ್ಲಿ ಉಳಿಸಿಟ್ಟುಕೊಳ್ಳುವುದಕ್ಕೂ ತೊಂದರೆ ಇಲ್ಲ. ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಕೆಲಸದ ನಾನೂರು ಪೇಪರ್ ಇದ್ದರೆ ನೆಮ್ಮದಿಯಾಗಿ ಮಲಗಿ. ಪಕ್ಕದ ಟೇಬಲ್ಲಿನವರಿಗೆ ಒಂದು ಪೇಪರ್ ಕಳಿಸಿದರೂ ಯಾರೂ ಬಂದು ಬಾಗಿಲು ಬಡಿಯುವುದಿಲ್ಲ. ಆದರೆ ಲಿಂಕ್ ಸಿಕ್ಕವರೆಲ್ಲ ತೆರೆಯಬಹುದಾದ ಫೋಲ್ಡರ್ ವೈಯಕ್ತಿಕ ಬಳಕೆ ಅಲ್ಲ, ಅದೊಂದು ಸಣ್ಣ ಪ್ರಕಾಶನ ಸಂಸ್ಥೆ. ನೀವೇ ಅದರ ಮಾಲೀಕರು!

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಕಾಯ್ದೆಯ ಜೊತೆಗೆ ನಿಮ್ಮ ಸಂಸ್ಥೆ ಪ್ರಕಾಶಕರ ಹತ್ತಿರ ಸಹಿ ಹಾಕಿದ ಲೈಸೆನ್ಸ್ ಅಂತ ಒಂದಿರುತ್ತದೆ. ನಮ್ಮ ಸಂಸ್ಥೆಯವರಲ್ಲದವರಿಗೆ ಕೊಡುವುದಿಲ್ಲ, ರಾಶಿ ರಾಶಿಯಾಗಿ ಇಳಿಸುವುದಿಲ್ಲ ಅಂತ ಅದರಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಮುರಿದರೆ ಪ್ರಕಾಶಕರು ಕೋರ್ಟಿಗೆ ಹೋಗಲೇಬೇಕು ಅಂತಿಲ್ಲ, ನಲ್ಲಿ ತಿರುಗಿಸಿದರೆ ಸಾಕು. ನಾನು ನೋಡಿದ ಒಂದು ಕಡೆ ಒಬ್ಬ ಹುಡುಗ ಒಂದು ಜರ್ನಲ್‌ನ ಹಳೇ ಸಂಚಿಕೆಗಳೆಲ್ಲ ತನ್ನಷ್ಟಕ್ಕೇ ಇಳಿಯುವ ಹಾಗೆ ಸ್ಕ್ರಿಪ್ಟ್ ಬರೆದು, ಶುಕ್ರವಾರ ರಾತ್ರಿ ಓಡಿಸಿ, ಹಾಸ್ಟೆಲ್‌ಗೆ ಹೋಗಿ ಮಲಗಿದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಲೈಬ್ರರಿ ಬೀಗ ತೆಗೆಯುವ ಹೊತ್ತಿಗೆ ಫೋನು ಹೊಡ್ಕೊಳ್ತಾ ಇತ್ತು. ಪ್ರಕಾಶಕರು ಇಡೀ ಕ್ಯಾಂಪಸ್‌ನ ಐಪಿ ವಿಳಾಸವನ್ನೇ ಮುಚ್ಚಿದ್ದರು, ಅಲ್ಲಿನ ಯಾವ ಕಂಪ್ಯೂಟರ್‌ನಲ್ಲೂ ಅವರ ಪೇಪರ್ ತೆರೆಯುತ್ತಿರಲಿಲ್ಲ. ಸೋಮವಾರ ಪ್ರಾಜೆಕ್ಟ್ ಪ್ರಸ್ತಾವನೆ ಕಳಿಸಬೇಕಿದ್ದ ಪ್ರೊಫೆಸರ್ ಒಬ್ಬರು ಕೌಂಟರ್ ಮುಂದೆ ನಿಂತು ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ. ಹುಡುಗ ಅಳುಮೋರೆ ಹಾಕಿಕೊಂಡು ಬಂದು ‘ಓದೋಕೇ ಇಳಿಸಿದ್ದು ಮೇಡಂ’ ಅಂದ. ಎರಡು ಸಾವಿರ ಪೇಪರ್! ಯಾವ ಜನ್ಮದಲ್ಲಿ ಓದ್ತಿದ್ದನೋ. ನಮ್ಮ ಕ್ಷಮಾಪಣೆ ಪತ್ರ, ಪ್ರಕಾಶಕರ ಒಪ್ಪಿಗೆ ಎಲ್ಲ ಮುಗಿದು ನಲ್ಲಿ ಮತ್ತೆ ತಿರುಗಲು ನಾಲ್ಕು ದಿನ ಹಿಡಿಯಿತು.

ಹಾಗಾದರೆ ಏನು ಮಾಡೋದು? ಪಿಡಿಎಫ್ ಬದಲು ಪಟ್ಟಿ ಹಂಚಿ. ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ನಾನೂರು ಪೇಪರ್‌ಗಳ ವಿವರ, ಡಿಒಐ ಲಿಂಕ್ (ಆ ಪೇಪರ್‌ನ ಖಾಯಂ ವಿಳಾಸ), ನಿಮ್ಮ ಟಿಪ್ಪಣಿ ಎಲ್ಲ ಹಾಕಿ ಗ್ರೂಪ್ ಮಾಡಿ. ಕಡತಗಳನ್ನು ಮಾತ್ರ ಸೇರಿಸಬೇಡಿ. ಪಟ್ಟಿಯನ್ನು ಯಾರಿಗೆ ಬೇಕಾದರೂ ಕೊಡಿ. ಗೆಳೆಯರದ್ದು ಸರ್ಕಾರಿ ಕಾಲೇಜಾಗಿದ್ದರೆ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಅಲ್ಲಿಗೂ ಬಂದಿರಬಹುದು. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿ, ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ಇಟ್ಟ ಯೋಜನೆ ಇದು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಜಾಸ್ತಿ ಸಂಸ್ಥೆಗಳಿಗೆ. ನಮ್ಮ ತೆರಿಗೆ ದುಡ್ಡು ಕಟ್ಟಿಟ್ಟು ತಂದದ್ದನ್ನು ಉಪಯೋಗಿಸದೆ ಗೆಳೆಯನ ಡ್ರೈವ್ ಲಿಂಕ್ ಕೇಳುವುದು ಮನೆಯಲ್ಲಿ ಅಡುಗೆ ಆಗಿದ್ದರೂ ಪಕ್ಕದ ಮನೆಗೆ ತಟ್ಟೆ ಹಿಡಿದು ಹೋದ ಹಾಗೆ. ಮೊದಲು ಅವರ ಕಾಲೇಜಿನ ಲೈಬ್ರರಿಯಲ್ಲಿ ವಿಚಾರಿಸಲಿ. ಅಲ್ಲೂ ಸಿಗದಿದ್ದರೆ ಲೇಖಕರಿಗೆ ಎರಡು ಸಾಲು ಮೇಲ್ ಹಾಕಲಿ. ತಮ್ಮ ಪೇಪರ್ ಯಾರೋ ಕೇಳಿದರು ಅಂದರೆ ಖುಷಿಪಡದ ಸಂಶೋಧಕರನ್ನು ನಾನಂತೂ ಕಂಡಿಲ್ಲ.

ಎಂಎ ತರಗತಿಗೆ ನಾಲ್ಕು ಪುಸ್ತಕಗಳಿಂದ ಒಂದೊಂದು ಅಧ್ಯಾಯ ತೆಗೆದು ಜೆರಾಕ್ಸ್ ಕಟ್ಟು ಮಾಡಿಸಬೇಕು. ಒಂದೊಂದು ಪುಸ್ತಕಕ್ಕೂ ಎರಡು ಸಾವಿರದ ಮೇಲೆ ಬೆಲೆ. ‘ಶೇಕಡ 10ಕ್ಕಿಂತ ಜಾಸ್ತಿ ಮಾಡಿದರೆ ಜೈಲು’ ಅಂತ ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ.
– ಅತಿಥಿ ಉಪನ್ಯಾಸಕ, ಕಲಬುರಗಿ

ಆ ಶೇಕಡ 10 ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ ಸರ್. ಬೇರೆ ದೇಶದ ನಿಯಮಗಳು ಗಾಳಿಯಲ್ಲಿ ಬಂದು ನಮ್ಮ ಸ್ಟಾಫ್‌ರೂಮ್‌ಗಳಲ್ಲಿ ಕೂತುಬಿಟ್ಟಿವೆ.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಅಂತ ಒಂದು ಪುಟ್ಟ ಅಂಗಡಿ. ಮೇಷ್ಟ್ರುಗಳು ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಗುರುತು ಮಾಡಿ ಕೊಟ್ಟರೆ ಅಂಗಡಿಯವರು ಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಸೇರಿ ಅಂಗಡಿ ಮೇಲೂ ವಿಶ್ವವಿದ್ಯಾಲಯದ ಮೇಲೂ ಕೇಸ್ ಹಾಕಿದವು. ಜೆರಾಕ್ಸ್ ಅಂಗಡಿ ಮೇಲೆ ಇಷ್ಟು ದೊಡ್ಡ ಫಿರಂಗಿ! 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಕೇಸ್ ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಇನ್ನೂ ಬಿಡಿಸಿ ಹೇಳಿತು: ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಬೋಧನೆಯ ಅಂಗವಾಗಿ ಪ್ರತಿ ಮಾಡಿಕೊಳ್ಳಬಹುದು ಅಂತ 52ನೇ ಸೆಕ್ಷನ್‌ನಲ್ಲಿ ಇದೆಯಲ್ಲ, ಅಲ್ಲಿ ಬೋಧನೆ ಅಂದರೆ ಗಂಟೆ ಬಾರಿಸಿದಾಗಿಂದ ಮತ್ತೆ ಬಾರಿಸುವವರೆಗೆ ನಡೆಯುವ ಪಾಠ ಮಾತ್ರ ಅಲ್ಲ. ಎಷ್ಟು ಪುಟ ಅನ್ನುವ ಲೆಕ್ಕಕ್ಕಿಂತ, ಪಾಠಕ್ಕೆ ಅದು ನಿಜವಾಗಿ ಬೇಕಿತ್ತಾ ಅನ್ನುವುದು ಮುಖ್ಯ. ಆ ಕಟ್ಟುಗಳಲ್ಲಿ ಇದ್ದದ್ದೆಲ್ಲ ಪಾಠಕ್ಕೆ ಬೇಕಿತ್ತಾ ಅಂತ ವಿಚಾರಣೆ ಆಗಲಿ ಅಂತ ಪೀಠ ಹೇಳಿತ್ತು, ಅದು ಮುಂದಕ್ಕೆ ಹೋಗಲಿಲ್ಲ. 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ಕೇಸ್ ವಾಪಸ್ ತೆಗೆದುಕೊಂಡರು.

ನಿಮ್ಮ ನಾಲ್ಕು ಅಧ್ಯಾಯ ಧೈರ್ಯವಾಗಿ ಮಾಡಿಸಿ. ಪಠ್ಯಕ್ರಮದಲ್ಲಿ ಆ ಅಧ್ಯಾಯಗಳ ಹೆಸರು ಬರೆದಿಡಿ, ಮೂಲ ಪುಸ್ತಕ ಲೈಬ್ರರಿಯಲ್ಲಿ ಇರಲಿ, ಕಟ್ಟಿನ ಮೊದಲ ಪುಟದಲ್ಲಿ ಪುಸ್ತಕದ ವಿವರ ಹಾಕಿ. ಆದರೆ ಈ ರಿಯಾಯಿತಿ ಮೇಷ್ಟ್ರು, ವಿದ್ಯಾರ್ಥಿ, ಪಾಠ ಈ ಮೂರರ ನಡುವಿನದ್ದು. ಅದೇ ಕಟ್ಟನ್ನು ಸ್ಕ್ಯಾನ್ ಮಾಡಿ, ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯ ಟೆಲಿಗ್ರಾಂ ಚಾನೆಲ್‌ಗೆ ಏರಿಸಿದರೆ ದೆಹಲಿ ತೀರ್ಪು ನಿಮ್ಮ ಜೊತೆ ಬರುವುದಿಲ್ಲ.

ನನ್ನದೇ ಪೇಪರ್, ನನ್ನದೇ ಹೆಸರು. ವಿಭಾಗದ ವೆಬ್‌ಸೈಟ್‌ಗೆ ಹಾಕಿದರೆ ಯಾರು ಕೇಳ್ತಾರೆ?
– ಸಹಾಯಕ ಪ್ರಾಧ್ಯಾಪಕಿ, ಮಂಗಳೂರು

ಪ್ರಕಾಶಕರು ಕೇಳ್ತಾರೆ ಮೇಡಂ. ಯಾಕೆಂದರೆ ಪೇಪರ್ ಒಪ್ಪಿಗೆಯಾದ ಖುಷಿಯಲ್ಲಿ ನೀವೊಂದು ಫಾರಂಗೆ ಟಿಕ್ ಹಾಕಿದ್ದೀರಿ, ನೆನಪಿದೆಯಾ? ಅದು ಕಾಪಿರೈಟ್ ವರ್ಗಾವಣೆ ಪತ್ರ ಆಗಿದ್ದರೆ ಬರೆದವರು ನೀವು, ಹಕ್ಕಿನ ಒಡೆಯರು ಅವರು. ಮಗಳು ನಿಮ್ಮವಳೇ, ಆದರೆ ಈಗ ಅವರ ಮನೆಯಲ್ಲಿದ್ದಾಳೆ. (ಈ ಹೋಲಿಕೆ ನನಗೇ ಅಷ್ಟು ಹಿಡಿಸಲಿಲ್ಲ, ಬೇರೆ ಹೊಳೆಯಲಿಲ್ಲ.) ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ನಮ್ಮ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಆಸೆ ಪಡಬೇಡಿ. ದೊಡ್ಡ ಪ್ರಕಾಶಕರ ಫಾರಂಗಳಲ್ಲಿ ‘ಹಕ್ಕು ಇರುವಷ್ಟೂ ಕಾಲ, ಇಡೀ ಜಗತ್ತಿಗೆ’ ಅಂತ ಮೊದಲೇ ಅಚ್ಚಾಗಿರುತ್ತದೆ.

ಆದರೂ ದಾರಿ ಇದೆ. ಒಂದು ಪೇಪರ್‌ಗೆ ಮೂರು ಅವತಾರ. ಕಳಿಸುವ ಮೊದಲು ನೀವು ಬರೆದ ಕರಡು ಒಂದು. ವಿಮರ್ಶಕರು ಹೇಳಿದಂತೆ ತಿದ್ದಿ, ಒಪ್ಪಿಗೆಯಾದ, ಇನ್ನೂ ವರ್ಡ್ ಫೈಲಲ್ಲೇ ಇರುವ ಪ್ರತಿ ಎರಡು. ಜರ್ನಲ್‌ನ ಲಾಂಛನ, ಪುಟಸಂಖ್ಯೆ ಹೊತ್ತ ಚೆಂದದ ಪಿಡಿಎಫ್ ಮೂರು. ಮೂರನೆಯದನ್ನು ಹಾಕಲು ಬಿಡುವವರು ಕಡಿಮೆ. ಮೊದಲನೆಯದಕ್ಕೆ ಬಹುತೇಕರು ಬಿಡುತ್ತಾರೆ. ಎರಡನೆಯದನ್ನು ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿ ಇಡಲು ಬಹಳ ಪ್ರಕಾಶಕರು ಒಪ್ಪುತ್ತಾರೆ, ಕೆಲವರು ಆರು ತಿಂಗಳೋ ಒಂದು ವರ್ಷವೋ ಕಾಯಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇ-ಪ್ರಿಂಟ್ಸ್ ಅಂತ ಇಂಥ ಭಂಡಾರ ತೆರೆದಿತ್ತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2014ರಲ್ಲಿ ಒಂದು ನೀತಿ ತಂದವು, ತಮ್ಮ ದುಡ್ಡಲ್ಲಿ ನಡೆದ ಸಂಶೋಧನೆಯ ಪೇಪರ್‌ಗಳು ಇಂಥ ಭಂಡಾರಕ್ಕೆ ಬರಬೇಕು ಅಂತ. ಹಾಗಾಗಿ ಆ ಎರಡನೇ ಅವತಾರವನ್ನು ದಯವಿಟ್ಟು ಜೋಪಾನವಾಗಿ ಇಟ್ಟುಕೊಳ್ಳಿ. ಎಷ್ಟೋ ಜನ ಅದನ್ನೇ ಡಿಲೀಟ್ ಮಾಡಿ, ಹಾಕಬಾರದ ಮೂರನೆಯದನ್ನು ಮಾತ್ರ ಉಳಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದರು.

ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಲೈಸೆನ್ಸ್‌ನಲ್ಲಿ, ಅಂದರೆ ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಿ ಅನ್ನುವ ಷರತ್ತಿನಲ್ಲಿ, ಮುಕ್ತವಾಗಿ ಪ್ರಕಟವಾದ ಪೇಪರ್ ಆಗಿದ್ದರೆ ಇಷ್ಟೆಲ್ಲ ತಲೆನೋವಿಲ್ಲ. ಮೂರನೆಯದನ್ನೇ ಹಾಕಿ.

ನಮ್ಮ ವಿಭಾಗದ ಬೀರುವಿನಲ್ಲಿ ಒಂದಷ್ಟು ತಾಳೆಗರಿ ಕಟ್ಟು, 1920ರ ಸುಮಾರಿನ ಪುಸ್ತಕಗಳು, 1979ರಲ್ಲಿ ತೀರಿಕೊಂಡ ನಮ್ಮ ಹಿರಿಯ ಪ್ರಾಧ್ಯಾಪಕರಿಗೆ ಬೇರೆ ಬೇರೆ ಸಾಹಿತಿಗಳು ಬರೆದ ಕಾಗದಗಳು ಸಿಕ್ಕಿವೆ. ಗೆದ್ದಲು ಹಿಡಿಯುವ ಮೊದಲು ಎಲ್ಲ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕೋಣ ಅಂತಿದ್ದೇವೆ.
– ಸಂಶೋಧನಾ ಸಹಾಯಕ, ಮೈಸೂರು

ನಿಮ್ಮ ಪತ್ರ ಓದಿ ಕೈ ತುರಿಸಿತು, ಬಸ್ಸು ಹತ್ತಿ ಬಂದುಬಿಡೋಣ ಅನ್ನಿಸಿತು! ಸ್ಕ್ಯಾನ್ ಇವತ್ತೇ ಶುರು ಮಾಡಿ. ಸಾರ್ವಜನಿಕ ಲೈಬ್ರರಿಗಳು ತಮ್ಮಲ್ಲಿರುವ ಪ್ರತಿಯನ್ನು ಉಳಿಸಿಕೊಳ್ಳಲು ಡಿಜಿಟಲ್ ಮಾಡಿ ಇಟ್ಟುಕೊಳ್ಳುವುದಕ್ಕೆ ಕಾಯ್ದೆಯಲ್ಲೇ ಜಾಗ ಇದೆ, ನಿಮ್ಮದನ್ನು ವಿಶ್ವವಿದ್ಯಾಲಯದ ಲೈಬ್ರರಿಯ ಮೂಲಕವೇ ಮಾಡಿಸಿ. ಜಾಲತಾಣಕ್ಕೆ ಹಾಕುವ ಮುಂಚೆ ಮಾತ್ರ ಮೇಜಿನ ಮೇಲೆ ಮೂರು ಗುಡ್ಡೆ ಮಾಡಿ.

ತಾಳೆಗರಿಯ ಹಳೇ ಕೃತಿಗಳಿಗೆ ಕಾಪಿರೈಟ್ ಪ್ರಶ್ನೆಯೇ ಇಲ್ಲ. ಬರೆದವರು ಹೋಗಿ ಶತಮಾನಗಳಾದವು. ಆದರೆ ಅದೇ ಕೃತಿಯನ್ನು ಒಬ್ಬರು ಇತ್ತೀಚೆಗೆ ಸಂಪಾದಿಸಿ ಅಚ್ಚು ಮಾಡಿಸಿದ್ದರೆ, ಅವರ ಮುನ್ನುಡಿ, ಟಿಪ್ಪಣಿ, ಅನುವಾದ ಅವರದ್ದೇ. ನಿಮ್ಮೂರಿನ ಓರಿಯಂಟಲ್ ಲೈಬ್ರರಿಯನ್ನೇ ನೋಡಿ. 1905ರಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಅಲ್ಲಿ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಕೌಟಿಲ್ಯನಿಗೆ ಯಾವ ಕಾಲಕ್ಕೂ ಕಾಪಿರೈಟ್ ಇರಲಿಲ್ಲ, ಶಾಸ್ತ್ರಿಗಳ ಇಂಗ್ಲಿಷ್ ಅನುವಾದಕ್ಕೆ ಇತ್ತು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅವರು ತೀರಿಕೊಂಡದ್ದು 1944ರಲ್ಲಿ, ಅದಕ್ಕೆ 60 ವರ್ಷ ಸೇರಿಸಿದರೆ 2004. 2005ರ ಜನವರಿ 1ರಿಂದ ಅದೂ ಎಲ್ಲರ ಆಸ್ತಿ. ಬೇರೆ ಸಂಸ್ಥೆಯಿಂದ ತಂದ ತಾಳೆಗರಿ ಫೋಟೊ ನಿಮ್ಮಲ್ಲಿದ್ದರೆ, ತರುವಾಗ ಬರೆದುಕೊಟ್ಟ ಮುಚ್ಚಳಿಕೆ ತೆಗೆದು ಓದಿ. ಕಾಪಿರೈಟ್ ಇಲ್ಲದಿದ್ದರೂ ಕೊಟ್ಟ ಮಾತು ಇರುತ್ತದೆ.

ಎರಡನೇ ಗುಡ್ಡೆಯಲ್ಲೇ ಎಲ್ಲರೂ ಎಡವುವುದು. ‘1920ರ ಪುಸ್ತಕ, ನೂರು ವರ್ಷ ಆಯಿತಲ್ಲ’ ಅಂತಾರೆ. ಲೆಕ್ಕ ಪುಸ್ತಕದ ವಯಸ್ಸಿನದ್ದಲ್ಲ, ಲೇಖಕರು ತೀರಿಕೊಂಡ ವರ್ಷದ್ದು. ಇಪ್ಪತ್ತೈದನೇ ವಯಸ್ಸಿಗೆ ಬರೆದವರು ತೊಂಬತ್ತರವರೆಗೆ ಬದುಕಿದ್ದರೆ 1985 ಆಯಿತು, ಹಕ್ಕು 2045ರ ತನಕ. ಬಿ.ಎಂ. ಶ್ರೀಕಂಠಯ್ಯ 1946ರಲ್ಲಿ ಹೋದರು, ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ ಈಗ ಮುಕ್ತ. ಡಿ.ವಿ. ಗುಂಡಪ್ಪ 1975ರಲ್ಲಿ, ಹಾಗಾಗಿ 2035ರ ಕೊನೆವರೆಗೆ ಕಾಯಬೇಕು. ಕುವೆಂಪು 1994ರಲ್ಲಿ, 2054. ಹೀಗೆ ಒಂದು ಪಟ್ಟಿ ಮಾಡಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿಡಿ, ನಾನು ಹಾಗೇ ಮಾಡಿದ್ದೆ. ಹಕ್ಕು ಇರುವವರೇ ಬಿಟ್ಟುಕೊಟ್ಟರೆ ಕಾಯಬೇಕಾಗಿಲ್ಲ. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶವನ್ನು ಹಾಗೇ ಕೊಟ್ಟಿತು. ಕೇಳಿದರೆ ಕೊಡುವವರು ಇದ್ದಾರೆ.

ಮೂರನೆಯದು ಕಾಗದಗಳು. ಕೈಗೆ ಸಿಕ್ಕ ಕಾಗದದ ಹಾಳೆ ನಿಮ್ಮ ವಿಭಾಗದ್ದು, ಅದರ ಮೇಲಿನ ಬರಹ ಮಾತ್ರ ಬರೆದವರದ್ದು, ಅವರು ಇಲ್ಲದಿದ್ದರೆ ವಾರಸುದಾರರದ್ದು. ಪ್ರಾಧ್ಯಾಪಕರು ಬರೀ ಸ್ವೀಕರಿಸಿದವರು, ಆದ್ದರಿಂದ 1979 ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ತಿರುವು ಇದೆ. ಬರೆದವರು ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಹಕ್ಕಿನ ಅವಧಿ ಮೊದಲ ಸಲ ಪ್ರಕಟವಾದ ವರ್ಷದಿಂದ 60 ವರ್ಷ. ಅಂದರೆ ನೀವು ಹಾಕಿದ ದಿನದಿಂದಲೇ ಗಡಿಯಾರ ಶುರು ಆಗಬಹುದು! ಆದ್ದರಿಂದ ಕಾಗದಗಳನ್ನು ಸ್ಕ್ಯಾನ್ ಮಾಡಿ, ಯಾರಿಂದ, ಯಾವ ತಾರೀಖು, ಎಷ್ಟು ಪುಟ ಅನ್ನುವ ಪಟ್ಟಿಯನ್ನು ಮಾತ್ರ ಜಾಲತಾಣಕ್ಕೆ ಹಾಕಿ. ಆಮೇಲೆ ಆ ಮನೆಗಳಿಗೆ ಪತ್ರ ಬರೆಯಿರಿ, ಆಗದಿದ್ದರೆ ಹೋಗಿ ಬನ್ನಿ. ಎರಡು ಕಡೆ ಹೀಗೆ ಹೋದಾಗ ನನಗೆ ಒಪ್ಪಿಗೆಯೂ ಸಿಕ್ಕಿತು, ಕಾಫಿಯೂ ಸಿಕ್ಕಿತು, ಒಂದು ಮನೆಯಲ್ಲಂತೂ ಅಟ್ಟದಿಂದ ಇನ್ನೊಂದು ಟ್ರಂಕು ಕಾಗದ ಇಳಿಸಿ ಕೊಟ್ಟರು.

ಥೀಸಿಸ್‌ನಲ್ಲಿ ಬೇರೆಯವರ ಪೇಪರಿನ ಚಿತ್ರ ಹಾಕಿ ಕೆಳಗೆ ಮೂಲ ಬರೆದರೆ ಸಾಲದಾ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಮೂಲ ಬರೆದರೆ ಕೃತಿಚೌರ್ಯದ ಆರೋಪ ತಪ್ಪುತ್ತದೆ. ಅನುಮತಿ ಬೇರೆ ವಿಷಯ, ಇವೆರಡನ್ನೂ ಕಲಸಬೇಡಿ. ಥೀಸಿಸ್ ಬೀರುವಿನಲ್ಲಿ ಕೂತಿರುತ್ತಿದ್ದ ಕಾಲದಲ್ಲಿ ಯಾರೂ ನೋಡುತ್ತಿರಲಿಲ್ಲ. ಈಗ ದೇಶದ ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಹೋಗುತ್ತದೆ, ಇಡೀ ಜಗತ್ತು ತೆರೆದು ನೋಡಬಹುದು. ಆ ಚಿತ್ರವನ್ನು ಚರ್ಚೆ, ವಿಮರ್ಶೆ ಮಾಡಲು ಹಾಕಿದ್ದರೆ 52ನೇ ಸೆಕ್ಷನ್ ಬೆಂಬಲಕ್ಕಿದೆ. ಬರೀ ಪರಿಚಯದ ಅಧ್ಯಾಯ ತುಂಬಿಸಲು ಆದರೆ ಪೇಪರ್ ಪುಟದಲ್ಲೇ ಅನುಮತಿಯ ಬಟನ್ ಹುಡುಕಿ. ಥೀಸಿಸ್‌ಗೆ ಅಂದರೆ ಬಹಳ ಕಡೆ ದುಡ್ಡು ಕೇಳುವುದಿಲ್ಲ, ಹತ್ತು ನಿಮಿಷದ ಕೆಲಸ. ಗ್ರಾಫ್ ಆಗಿದ್ದರೆ ಇನ್ನೂ ಸುಲಭ. ಅಂಕಿಗಳಿಗೆ ಯಾರೂ ಒಡೆಯರಲ್ಲ, ಅವನ್ನು ತೆಗೆದುಕೊಂಡು ನೀವೇ ಹೊಸದಾಗಿ ಗ್ರಾಫ್ ಬರೆದು, ಅಂಕಿ ಎಲ್ಲಿಂದ ಬಂತು ಅಂತ ಹೇಳಿ.

ಸೈ-ಹಬ್?
– ಹೆಸರು ಬೇಡ, ಊರೂ ಬೇಡ

ಪ್ರಕಾಶಕರ ಅನುಮತಿ ಇಲ್ಲದೆ ಪೇಪರ್‌ಗಳನ್ನು ಪುಕ್ಕಟೆ ಕೊಡುವ ಜಾಲತಾಣ ಅದು. ಅದರ ವಿರುದ್ಧ ಪ್ರಕಾಶಕರಾದ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರಲ್ಲಿ ಕೋರ್ಟ್ ಅದನ್ನು ದೇಶದಲ್ಲಿ ತಡೆಯಲು ಆದೇಶ ಮಾಡಿತು. ಒಂದು ಪೇಪರ್ ಓದಲು ಮೂರು ಸಾವಿರ ರೂಪಾಯಿ ಕೇಳುವ ವ್ಯವಸ್ಥೆ ಮೇಲೆ ನನಗೂ ನಿಮ್ಮಷ್ಟೇ ಸಿಟ್ಟಿದೆ. ಆದರೂ ಸಂಸ್ಥೆಯ ಕಂಪ್ಯೂಟರ್‌ನಿಂದ ಅಂತೂ ಬೇಡ. ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಲೈಬ್ರರಿಯವರು, ಪಾಪ.

ಸಂಸ್ಥೆಯ ರಾಜ್ಯೋತ್ಸವ ಪೋಸ್ಟರ್‌ಗೆ ಚಿತ್ರ ಹಾಕಿ ‘ಕೃಪೆ: ಗೂಗಲ್’ ಅಂತ ಬರೆದೆವು. ಸರಿ ಅಲ್ವಾ?
– ಕಚೇರಿ ಸಹಾಯಕ, ಶಿವಮೊಗ್ಗ

ಅಲ್ಲ. ಸಂತೆಯಲ್ಲಿ ಚೀಲ ಕದ್ದು ‘ಕೃಪೆ: ಸಂತೆ’ ಅಂದ ಹಾಗಾಯಿತು. ಮುಕ್ತವಾಗಿ ಬಳಸಬಹುದಾದ ಚಿತ್ರಗಳಿರುವ ವಿಕಿಮೀಡಿಯ ಕಾಮನ್ಸ್ ತಾಣದಲ್ಲಿ ಹುಡುಕಿ, ಚಿತ್ರ ತೆಗೆದವರ ಹೆಸರು, ಲೈಸೆನ್ಸ್ ಎರಡೂ ಹಾಕಿ. ಅಥವಾ ನಿಮ್ಮಲ್ಲೇ ಚೆನ್ನಾಗಿ ಫೋಟೊ ತೆಗೆಯುವವರು ಒಬ್ಬರು ಇದ್ದೇ ಇರುತ್ತಾರೆ.

ನಮ್ಮಲ್ಲಿ ಕಣ್ಣು ಕಾಣದ ವಿದ್ಯಾರ್ಥಿನಿ ಒಬ್ಬಳು ಪಿಎಚ್‌ಡಿಗೆ ಸೇರಿದ್ದಾಳೆ. ಒಂದು ಕನ್ನಡ ವಿಮರ್ಶಾ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಕೊಡಿ ಅಂತ ಕೇಳಿದಳು. ಪೂರ್ತಿ ಪುಸ್ತಕ ಅಲ್ವಾ ಅಂತ ಭಯ.
– ಲೈಬ್ರರಿಯನ್, ತುಮಕೂರು

ಭಯಪಡದೆ ಪೂರ್ತಿ ಮಾಡಿಕೊಡಿ. 2012ರ ತಿದ್ದುಪಡಿ ಇದಕ್ಕೆಂದೇ ಜಾಗ ಮಾಡಿದೆ. ಅಂಗವಿಕಲರು ಓದಲು ಆಗುವ ರೂಪಕ್ಕೆ ಇಡೀ ಕೃತಿಯನ್ನು ಬದಲಿಸಬಹುದು, ಅಂಥ ಇನ್ನೊಬ್ಬರಿಗೂ ಓದಿಗೆ, ಸಂಶೋಧನೆಗೆ ಕೊಡಬಹುದು. ಲಾಭ ಮಾಡಬಾರದು, ಪ್ರತಿ ಬೇರೆಯವರ ಕೈಗೆ ಹೋಗದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಇಂಥ ಓದುಗರಿಗಾಗಿ ಮಾಡಿದ ಅಂತರರಾಷ್ಟ್ರೀಯ ಮರಾಕೆಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ವಿಷಯ, ಯಾರೂ ಹೇಳುವುದಿಲ್ಲ.

ಶುರು ಮಾಡುವ ಮೊದಲು ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿಯಲ್ಲಿ ಒಮ್ಮೆ ಹುಡುಕಿ, ಆಗಲೇ ಇದ್ದರೆ ಶ್ರಮ ಉಳಿಯಿತು. ಇಲ್ಲದಿದ್ದರೆ ಸುಮ್ನೆ ಪುಟಗಳ ಫೋಟೊ ಹೊಡೆದು ಪಿಡಿಎಫ್ ಮಾಡಿ ಕೊಟ್ಟರೆ ಅವಳಿಗೆ ಏನೂ ಪ್ರಯೋಜನ ಇಲ್ಲ, ಪರದೆ ಓದುವ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಪ್ರಕಾಶಕರ ಹತ್ತಿರ ಡಿಟಿಪಿ ಫೈಲ್ ಕೇಳಿ, ನಮ್ಮ ಕನ್ನಡ ಪ್ರಕಾಶಕರು ಇಂಥದ್ದಕ್ಕೆ ಇಲ್ಲ ಅನ್ನುವುದು ಕಡಿಮೆ. ಅದು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಇದ್ದರೆ ಹಾಗೇ ಕಳಿಸಬೇಡಿ. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಕಂಪ್ಯೂಟರ್ ಅದನ್ನೇ ಗೊಣಗುತ್ತದೆ. ಕಂಪ್ಯೂಟರ್ ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಯೂನಿಕೋಡ್‌ಗೆ ಬದಲಿಸಿ, ಒಂದು ಅಧ್ಯಾಯ ಮಾತ್ರ ಮೊದಲು ಕೊಟ್ಟು ಅವಳ ಹತ್ತಿರವೇ ಕೇಳಿಸಿ ನೋಡಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಏನಾದರೂ ಎಡವಟ್ಟಾಗಿದ್ದರೆ ಅವಳೇ ಹೇಳುತ್ತಾಳೆ, ಉಳಿದದ್ದನ್ನು ಆಮೇಲೆ ಕಳಿಸಿ.